ಗೇಮ್ ಆಡುವಾಗ ಪ್ರೊಸೆಸರ್ ಬಿಸಿಯಾಗುತ್ತಿದ್ದರೆ: ಬಯೋಸ್ ಮಿತಿ, ಹೊಸ ಪೇಸ್ಟ್, ಟವರ್ ಕೂಲರ್, ಲಿಕ್ವಿಡ್ ಕೂಲರ್ – ಯಾವುದು ಯಾರಿಗೆ?

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ನಿಂತು ‘ಗೇಮ್ ಆಡುವಾಗ ಪ್ರೊಸೆಸರ್ 95 ಡಿಗ್ರಿ ಮುಟ್ಟುತ್ತಿದೆ’ ಎಂದು ಹೇಳಿದರೆ, ಹಲವು ಸಲ ಮೊದಲ ಮಾತಿಗೇ ಲಿಕ್ವಿಡ್ ಕೂಲರ್‌ನ (ಪಂಪಿನಿಂದ ದ್ರವ ಹರಿಸಿ ಶಾಖ ಸಾಗಿಸುವ ಸಾಧನ) ಪೆಟ್ಟಿಗೆ ಕೌಂಟರಿನ ಮೇಲೆ ಬಂದು ಕೂರುತ್ತದೆ. ಕೆಲವರಿಗೆ ಅದು ನಿಜಕ್ಕೂ ಬೇಕಾದ ವಸ್ತುವೇ. ಆದರೆ ನಾನು ನೋಡಿರುವ ಹೆಚ್ಚಿನ ಯಂತ್ರಗಳಿಗೆ ಬೇಕಿದ್ದದ್ದು ಬೇರೆ: ಒಂದಕ್ಕೆ ಬ್ರಷ್ಷು, ಇನ್ನೊಂದಕ್ಕೆ ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಶಾಖವಾಹಕ ಪೇಸ್ಟು ಹೊಸದಾಗಿ, ಮತ್ತೊಂದಕ್ಕೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪುಟ) ಒಂದೇ ಒಂದು ಸಂಖ್ಯೆಯ ಬದಲಾವಣೆ. ಬಿಸಿಗೆ ಕಾರಣ ಸಾಮಾನ್ಯವಾಗಿ ಮೂರು ಜಾಗಗಳಲ್ಲಿ ಒಂದರಲ್ಲಿರುತ್ತದೆ. ಪ್ರೊಸೆಸರ್ ಅಗತ್ಯಕ್ಕಿಂತ ಹೆಚ್ಚು ವಿದ್ಯುತ್ತು ಎಳೆಯುತ್ತಿರಬಹುದು. ಅಲ್ಲಿ ಹುಟ್ಟಿದ ಶಾಖ ಕೂಲರ್‌ನ ತಳಕ್ಕೆ ಸರಿಯಾಗಿ ದಾಟದಿರಬಹುದು. ಅಥವಾ ಕೂಲರ್‌ವರೆಗೆ ಬಂದ ಶಾಖ ಕ್ಯಾಬಿನೆಟ್ಟಿನಿಂದಲೋ ಕೋಣೆಯಿಂದಲೋ ಆಚೆ ಹೋಗದೆ ಅಲ್ಲೇ ಸುತ್ತುತ್ತಿರಬಹುದು. ಮಾರುಕಟ್ಟೆಯಲ್ಲಿ ಸಿಗುವ ಪ್ರತಿಯೊಂದು ಪರಿಹಾರವೂ ಮುಖ್ಯವಾಗಿ ಈ ಮೂರರಲ್ಲಿ ಒಂದಕ್ಕೆ ಮದ್ದು. ಆದ್ದರಿಂದ ಯಾವ ಕೂಲರ್ ಒಳ್ಳೆಯದೆಂದು ಕೇಳುವ ಮೊದಲು ಶಾಖ ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ಪತ್ತೆಹಚ್ಚಬೇಕು, ಮತ್ತು ಅದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ಎಷ್ಟು ಬಿಸಿಯಾದರೆ ಚಿಂತಿಸಬೇಕು

ಇಂಟೆಲ್‌ನ 12ರಿಂದ 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಗರಿಷ್ಠ ಮಿತಿ ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್. ಎಎಂಡಿಯ ರೈಜೆನ್ 7000 ಸರಣಿಯ ಹೆಚ್ಚಿನ ಮಾದರಿಗಳಿಗೆ ಅದು 95. ಅದೇ ಸರಣಿಯ 7800ಎಕ್ಸ್3ಡಿಗೆ 89. ಮಿತಿಯನ್ನು ಮುಟ್ಟಿದೊಡನೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಟದಲ್ಲಿ ಇದ್ದಕ್ಕಿದ್ದಂತೆ ಚಿತ್ರ ತಡೆತಡೆದು ಓಡಲು ಇದೂ ಒಂದು ಕಾರಣ. ಅಲ್ಲಿಂದ ಮುಂದೆಯೂ ಬಿಸಿ ಏರಿದರೆ ಕಂಪ್ಯೂಟರ್ ತಾನಾಗಿ ಆಫ್ ಆಗುತ್ತದೆ. ಹೀಗೆ ಎರಡು ಹಂತದ ಕಾವಲು ಇರುವುದರಿಂದ ಪ್ರೊಸೆಸರ್ ಒಮ್ಮೆಲೇ ಸುಟ್ಟುಹೋಗುವ ಭಯ ಕಡಿಮೆ. ಕೈಬಿಟ್ಟು ಹೋಗುವುದು ನೀವು ಹಣ ಕೊಟ್ಟು ಕೊಂಡ ವೇಗ.

ರೈಜೆನ್ 7600ಎಕ್ಸ್‌ನಂಥ ಪ್ರೊಸೆಸರ್ ವಿಡಿಯೊ ರೆಂಡರ್ ಮಾಡುವಾಗ 95 ಡಿಗ್ರಿಯಲ್ಲಿ ನಿಂತರೆ ಅದು ದೋಷವಲ್ಲ, ಅದನ್ನು ವಿನ್ಯಾಸಗೊಳಿಸಿರುವುದೇ ಹಾಗೆ. ಆದರೆ ಗೇಮ್‌ಗಳು ಎಲ್ಲ ಕೋರ್‌ಗಳನ್ನೂ (ಪ್ರೊಸೆಸರ್‌ನೊಳಗಿನ ಲೆಕ್ಕ ಮಾಡುವ ಘಟಕಗಳು) ಪೂರ್ತಿ ದುಡಿಸುವುದು ಅಪರೂಪ. ಆದ್ದರಿಂದ ಆಟದ ನಡುವೆ ಅದೇ ಅಂಕಿ ಕಂಡರೆ ಅನುಮಾನಿಸಲೇಬೇಕು. ಆಟದಲ್ಲಿ 65ರಿಂದ 80ರ ನಡುವೆ ಇದ್ದರೆ ನಿಶ್ಚಿಂತೆಯಿಂದಿರಬಹುದು; 85 ದಾಟಿ ಅಲ್ಲೇ ನಿಂತರೆ ಕಾರಣ ಹುಡುಕುವುದು ಒಳ್ಳೆಯದು. ಇಲ್ಲೊಂದು ಎಚ್ಚರಿಕೆ ಬೇಕು. ಈಚಿನ ಹಲವು ಗೇಮ್‌ಗಳು ಮೊದಲ ಸಲ ತೆರೆದಾಗ ‘ಶೇಡರ್’ಗಳನ್ನು, ಅಂದರೆ ದೃಶ್ಯದ ಬೆಳಕು–ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂಗಳನ್ನು, ಸಿದ್ಧಪಡಿಸುತ್ತವೆ. ಆ ಕೆಲವು ನಿಮಿಷ ಎಲ್ಲ ಕೋರ್‌ಗಳೂ ದುಡಿಯುವುದರಿಂದ ತಾಪಮಾನ ನೇರವಾಗಿ ಮೇಲಕ್ಕೆ ಹಾರುತ್ತದೆ. ಅದನ್ನು ಆಟದ ತಾಪಮಾನವೆಂದು ಲೆಕ್ಕ ಹಿಡಿಯಬಾರದು.

ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೋಣೆಯ ಗಾಳಿ ಎಷ್ಟು ಡಿಗ್ರಿ ಬಿಸಿಯಾಗುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಪ್ರೊಸೆಸರ್ ಕೂಡ ಮೇಲೇರುತ್ತದೆ. ಬೆಂಗಳೂರಿನಲ್ಲಿ ಜನವರಿಯ ರಾತ್ರಿ 22 ಡಿಗ್ರಿಯ ಕೋಣೆಯಲ್ಲಿ 78 ತೋರಿಸುವ ಯಂತ್ರ, ಏಪ್ರಿಲ್‌ನ ಮಧ್ಯಾಹ್ನ 33 ಡಿಗ್ರಿಯ ಕೋಣೆಯಲ್ಲಿ 89ರ ಹತ್ತಿರ ತೋರಿಸುವುದು ಸಹಜ. ಯಂತ್ರದಲ್ಲಿ ಏನೂ ಕೆಟ್ಟಿರುವುದಿಲ್ಲ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿಗೆ ಏರಿತ್ತು. ಅಂಥ ದಿನಗಳಿಗೂ ಸಾಲುವಂತೆ ಕೂಲರ್ ಆರಿಸಬೇಕೇ ಹೊರತು ಡಿಸೆಂಬರ್‌ನ ತಂಪನ್ನು ನಂಬಿ ಅಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಸ್ವಲ್ಪ ವಿರಳ. ಅದೇ ವೇಗದಲ್ಲಿ ತಿರುಗುವ ಫ್ಯಾನು ಇಲ್ಲಿ ಕೊಂಚ ಕಡಿಮೆ ಶಾಖ ಹೊತ್ತೊಯ್ಯುತ್ತದೆ. ವ್ಯತ್ಯಾಸ ಸಣ್ಣದು, ಆದರೂ ವಿದೇಶದ ವಿಮರ್ಶೆಗಳು 20–21 ಡಿಗ್ರಿಯ ಕೋಣೆಯಲ್ಲಿ ಅಳೆದು ಕೊಡುವ ಅಂಕಿಗಳನ್ನು ನಮ್ಮ ಮನೆಗೆ ಹಾಗೆಯೇ ಅನ್ವಯಿಸಿಕೊಳ್ಳಬಾರದು.

ವಾಟ್ ಮತ್ತು ಡಿಗ್ರಿಯನ್ನು ಒಟ್ಟಿಗೆ ಓದುವುದು

ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಸೆನ್ಸರ್‌ಗಳ ಪುಟವನ್ನು ತೆರೆದಿಟ್ಟು, ಸದಾ ಆಡುವ ಗೇಮ್ ಅನ್ನು ಅರ್ಧ ಗಂಟೆ ಆಡಿ. ಬಳಿಕ ಪ್ರೊಸೆಸರ್‌ನ ಒಟ್ಟು ತಾಪಮಾನವನ್ನು ಮಾತ್ರ ನೋಡಿ ಮುಗಿಸಬೇಡಿ. ಅದೇ ಹೊತ್ತಿಗೆ ಅದು ಎಷ್ಟು ವಾಟ್ ಎಳೆಯುತ್ತಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಈ ಜೋಡಿ ಅಂಕಿ. ಟವರ್ ಕೂಲರ್ (ಲೋಹದ ರೆಕ್ಕೆಗಳ ಗೋಪುರಕ್ಕೆ ಫ್ಯಾನು ಕೂರಿಸಿದ ಕೂಲರ್) ಇದ್ದೂ 60 ವಾಟ್‌ಗೆ 95 ಡಿಗ್ರಿ ತೋರಿಸುತ್ತಿದ್ದರೆ, ಹುಟ್ಟುತ್ತಿರುವ ಶಾಖ ಕಡಿಮೆ, ಅದು ಆಚೆ ಹೋಗುತ್ತಿಲ್ಲ ಎಂದರ್ಥ; ಅಲ್ಲಿ ಪೇಸ್ಟು, ಕೂಲರ್‌ನ ಬಿಗಿತ, ಧೂಳು, ನಿಂತುಹೋದ ಫ್ಯಾನು ಅಥವಾ ಪಂಪು ಇವುಗಳನ್ನು ಶಂಕಿಸಬೇಕು. 170 ವಾಟ್‌ಗೆ 95 ಡಿಗ್ರಿ ತೋರಿಸುತ್ತಿದ್ದರೆ ಕೂಲರ್ ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡುತ್ತಿರಬಹುದು, ಪ್ರೊಸೆಸರ್‌ನ ಹಸಿವನ್ನು ತಗ್ಗಿಸಬೇಕು ಅಥವಾ ದೊಡ್ಡ ಕೂಲರ್ ತರಬೇಕು.

ತಾಪಮಾನ ಏರುವ ವೇಗವೂ ಸುಳಿವು ಕೊಡುತ್ತದೆ. ಆಟ ಶುರುವಾದ ಒಂದೆರಡು ಸೆಕೆಂಡಿನಲ್ಲೇ 50ರಿಂದ 95ಕ್ಕೆ ಜಿಗಿದು, ಆಟ ನಿಲ್ಲಿಸಿದೊಡನೆ ಅಷ್ಟೇ ಬೇಗ ಕೆಳಗಿಳಿದರೆ, ಶಾಖ ಚಿಪ್ಪಿನಿಂದ ಕೂಲರ್‌ಗೆ ದಾಟುವ ಜಾಗದಲ್ಲೇ ಅಡ್ಡಿಯಿದೆ, ಇಲ್ಲವೇ ವೋಲ್ಟೇಜ್ ಅತಿಯಾಗಿದೆ. ಹತ್ತು–ಇಪ್ಪತ್ತು ನಿಮಿಷ ನಿಧಾನವಾಗಿ ಏರುತ್ತ ಹೋದರೆ ಕ್ಯಾಬಿನೆಟ್ಟಿನೊಳಗೆ ಬಿಸಿಗಾಳಿ ಶೇಖರವಾಗುತ್ತಿದೆ. ಲಿಕ್ವಿಡ್ ಕೂಲರ್ ಇರುವವರಲ್ಲಿ ಹೀಗೆ ನಿಧಾನವಾಗಿ ಏರಿ, ಆಟ ನಿಲ್ಲಿಸಿದ ಮೇಲೂ ಬಹಳ ಹೊತ್ತು ಇಳಿಯದೆ ನಿಂತರೆ ಪಂಪು ಕುಂಠಿತವಾಗಿರಬಹುದು ಎಂದು ಶಂಕಿಸಬೇಕು. ನೀರು ಬರುವ ಕೊಳವೆ ಮತ್ತು ಹೋಗುವ ಕೊಳವೆಗಳನ್ನು ಮುಟ್ಟಿ ನೋಡಿದರೂ ಗೊತ್ತಾಗುತ್ತದೆ, ಪ್ರೊಸೆಸರ್ 90ರಲ್ಲಿದ್ದಾಗಲೂ ಎರಡೂ ತಣ್ಣಗಿದ್ದರೆ ಒಳಗೆ ಹರಿವಿಲ್ಲ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳವನ್ನು ತೆಗೆದಿಟ್ಟು ಅದೇ ಆಟವನ್ನು ಅಷ್ಟೇ ಹೊತ್ತು ಆಡಿ. ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ಗಾಳಿಯ ಹಾದಿಯಲ್ಲಿ ತೊಂದರೆ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ಹೊಸ ಕ್ಯಾಬಿನೆಟ್ಟಿಗೂ ಹೆಚ್ಚುವರಿ ಫ್ಯಾನುಗಳಿಗೂ ಹಣ ಹಾಕುವ ಅಗತ್ಯವಿಲ್ಲ.

ಖರ್ಚಿಲ್ಲದ ದಾರಿ: ವಿದ್ಯುತ್ತಿನ ಮಿತಿ

ಪೆಟ್ಟಿಗೆಯ ಮೇಲಿನ ‘65 ವಾಟ್’ ಎಂಬ ಅಂಕಿ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಇಂಟೆಲ್ ಐ5-12400ರ ಮೂಲ ಮಟ್ಟ 65 ವಾಟ್, ಟರ್ಬೊ ಮಟ್ಟ (ವೇಗ ಹೆಚ್ಚಿಸಿಕೊಂಡಾಗ ಎಳೆಯುವ ಗರಿಷ್ಠ) 117. ಐ7-12700ರ ಮೂಲ ಮಟ್ಟವೂ 65ರೇ, ಆದರೆ ಟರ್ಬೊ 180. ಐ7-13700ರಲ್ಲಿ ಅದು 219ಕ್ಕೆ ಏರುತ್ತದೆ. ಇವುಗಳ ಜೊತೆ ಪೆಟ್ಟಿಗೆಯಲ್ಲೇ ಬರುವ ಪುಟ್ಟ ಕೂಲರ್ ಐ5-12400ಕ್ಕೆ ಹೇಗೋ ಸಾಲುತ್ತದೆ, ಐ7ಗಳಿಗೆ ಖಂಡಿತ ಸಾಲದು. ಇದರ ಮೇಲೆ, ಹಲವು ಮದರ್‌ಬೋರ್ಡ್‌ಗಳು ಇಂಟೆಲ್ ಹೇಳಿದ ಮಿತಿಯನ್ನೂ ಮೀರಿ ವಿದ್ಯುತ್ತು ಹರಿಯಲು ಬಿಡುವಂತೆ ಕಾರ್ಖಾನೆಯಿಂದಲೇ ಹೊಂದಿಸಿ ಬರುತ್ತವೆ.

ಹೀಗಾಗಿ 65 ವಾಟ್ ವರ್ಗದ ಐ7 ಇರುವವರು ಹೊಸ ಕೂಲರ್ ಕೊಳ್ಳುವ ಮೊದಲು ಬಯೋಸ್‌ಗೆ ಹೋಗಿ ವಿದ್ಯುತ್ತಿನ ದೀರ್ಘಕಾಲದ ಮಿತಿಯನ್ನೂ (ಪಿಎಲ್1) ಅಲ್ಪಕಾಲದ ಮಿತಿಯನ್ನೂ (ಪಿಎಲ್2) 100–125 ವಾಟ್‌ಗೆ ಇಳಿಸಿ ನೋಡಬೇಕು. ಗೇಮ್‌ಗಳು ಆ ಮಟ್ಟವನ್ನು ಮುಟ್ಟುವುದೇ ಕಡಿಮೆಯಾದ್ದರಿಂದ ಆಟದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ರೆಂಡರ್ ಮಾಡುವವರಿಗೆ ಮಾತ್ರ ಸ್ವಲ್ಪ ನಿಧಾನವೆನಿಸಬಹುದು. ರೈಜೆನ್‌ನಲ್ಲಿ ಇದೇ ಕೆಲಸವನ್ನು ಇಕೊ ಮೋಡ್ ಮಾಡುತ್ತದೆ: 105 ವಾಟ್ ವರ್ಗದ ಪ್ರೊಸೆಸರ್ ವಾಸ್ತವದಲ್ಲಿ 142 ವಾಟ್‌ವರೆಗೆ ಎಳೆಯಬಲ್ಲದು, 65 ವಾಟ್‌ನ ಇಕೊ ಮೋಡ್ ಅದನ್ನು 88ಕ್ಕೆ ನಿಲ್ಲಿಸುತ್ತದೆ. 7600ಎಕ್ಸ್ ಇಟ್ಟುಕೊಂಡು ಬಿಸಿಯ ಬಗ್ಗೆ ಕೊರಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ವೋಲ್ಟೇಜ್ ಇಳಿಸುವುದು ಇದಕ್ಕಿಂತ ಸೂಕ್ಷ್ಮವಾದ ದಾರಿ, ಫಲವೂ ಹೆಚ್ಚು. ಚಿಪ್ಪು ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, ಶೇಕಡ 10ರಷ್ಟು ವೋಲ್ಟೇಜ್ ತಗ್ಗಿಸಿದರೆ ವೇಗ ಅಷ್ಟೇ ಇದ್ದರೂ ಶೇಕಡ 19ರಷ್ಟು ಶಾಖ ಕಡಿಮೆಯಾಗುತ್ತದೆ. ರೈಜೆನ್‌ನಲ್ಲಿ ಇದಕ್ಕೆಂದೇ ಬಯೋಸ್‌ನಲ್ಲಿರುವ ಕರ್ವ್ ಆಪ್ಟಿಮೈಸರ್ ಎಂಬ ಸೆಟ್ಟಿಂಗ್‌ನಲ್ಲಿ ಎಲ್ಲ ಕೋರ್‌ಗಳಿಗೂ ಮೈನಸ್ 10ರಿಂದ ಆರಂಭಿಸಿ, ಕೆಲವು ದಿನ ಬಳಸಿ, ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗದಿದ್ದರೆ ಮೈನಸ್ 20ಕ್ಕೆ ಹೋಗಬಹುದು. ಆತುರ ಬೇಡ. ಇಂಟೆಲ್‌ನಲ್ಲಿ ಕೆಲವು ಮಾದರಿಗಳಿಗೂ ಮದರ್‌ಬೋರ್ಡ್‌ಗಳಿಗೂ ಮಾತ್ರ ಈ ಅವಕಾಶವಿದೆ.

13 ಮತ್ತು 14ನೆಯ ಪೀಳಿಗೆಯ ಇಂಟೆಲ್ ಇರುವವರು ಇವೆಲ್ಲಕ್ಕಿಂತ ಮೊದಲು ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಬೇಕು. ಆ ಪೀಳಿಗೆಯ ಹಲವು ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜಿನಿಂದ ಕ್ರಮೇಣ ಅಸ್ಥಿರವಾಗುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಮೈಕ್ರೊಕೋಡ್ (ಪ್ರೊಸೆಸರ್‌ನ ಒಳಗಿನ ಮೂಲ ತಂತ್ರಾಂಶ) ತಿದ್ದುಪಡಿಗಳನ್ನು ಬಿಡುಗಡೆ ಮಾಡಿತು, ತೊಂದರೆಗೆ ಒಳಗಾಗಬಹುದಾದ ಮಾದರಿಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಬಿಸಿಯ ಜೊತೆಗೆ ಗೇಮ್ ಪದೇಪದೇ ಮುಚ್ಚಿಹೋಗುತ್ತಿದ್ದರೆ ಕೂಲರ್‌ಗೆ ಹಣ ಹಾಕುವ ಮೊದಲು ಆ ವಾರಂಟಿಯನ್ನು ಪರಿಶೀಲಿಸಿ.

ಆಟದ ಫ್ರೇಮ್‌ಗಳಿಗೆ ಮಿತಿ ಹಾಕುವುದೂ ಇದೇ ಸಾಲಿಗೆ ಸೇರುತ್ತದೆ. ಮಾನಿಟರ್ 75 ಹರ್ಟ್ಸ್‌ನದಾಗಿದ್ದು (ಸೆಕೆಂಡಿಗೆ 75 ಚಿತ್ರ ತೋರಿಸುವಂಥದು) ಆಟ ಸೆಕೆಂಡಿಗೆ 200 ಫ್ರೇಮ್ ಓಡುತ್ತಿದ್ದರೆ ಹೆಚ್ಚುವರಿ ದುಡಿಮೆಯ ಬಹುಪಾಲು ಬರೀ ಶಾಖವಾಗುತ್ತದೆ. ವಿಂಡೋಸ್‌ನ ಪವರ್ ಪ್ಲಾನ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು ಶೇಕಡ 99ಕ್ಕೆ ಇಳಿಸುವ ಉಪಾಯವನ್ನು ಮಾತ್ರ ನಾನು ಶಿಫಾರಸು ಮಾಡುವುದಿಲ್ಲ. ಅದು ಟರ್ಬೊವನ್ನೇ ನಿಲ್ಲಿಸಿಬಿಡುವುದರಿಂದ ಐ5-12400ರಂಥ ಪ್ರೊಸೆಸರ್ 2.5 ಗಿಗಾಹರ್ಟ್ಸ್‌ಗೆ ಕುಸಿಯುತ್ತದೆ, ಬಿಸಿಯ ಜೊತೆ ಆಟದ ಸೊಗಸೂ ಹೋಗುತ್ತದೆ.

ಧೂಳು, ಪೇಸ್ಟು, ಪಿನ್ನು

ಮೆಟ್ರೊ ಕಾಮಗಾರಿ ನಡೆಯುವ ರಸ್ತೆಯ ಬದಿಯಲ್ಲಿ, ಅಗೆದು ಬಿಟ್ಟ ಬೀದಿಗಳಲ್ಲಿ ಮನೆಯಿರುವವರಿಗೆ ಧೂಳಿನ ಬಗ್ಗೆ ವಿವರಿಸಬೇಕಾಗಿಲ್ಲ. ಆದರೆ ಅದು ಕೂರುವ ಜಾಗ ಹೊರಗಿನಿಂದ ಕಾಣುವುದಿಲ್ಲ. ಫ್ಯಾನಿನ ರೆಕ್ಕೆಗಳನ್ನು ಒರೆಸಿ ಸ್ವಚ್ಛವಾಯಿತೆಂದು ಮುಚ್ಚಳ ಹಾಕುವವರೇ ಹೆಚ್ಚು. ಟವರ್ ಕೂಲರ್‌ನ ಫ್ಯಾನಿನ ಕ್ಲಿಪ್ಪು ಬಿಡಿಸಿ ಅದನ್ನು ಪಕ್ಕಕ್ಕಿಟ್ಟು ನೋಡಿದರೆ, ಅಲ್ಯೂಮಿನಿಯಂ ರೆಕ್ಕೆಗಳ ಅಂಚಿಗೆ ಬೂದುಬಣ್ಣದ ತೆಳ್ಳನೆಯ ಕಂಬಳಿಯಂತೆ ಧೂಳು ಅಂಟಿ ನಿಂತಿರುತ್ತದೆ. ಗಾಳಿ ಅದಕ್ಕೆ ಬಡಿದು ವಾಪಸು ಬರುತ್ತಿರುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಅದನ್ನು ಎಬ್ಬಿಸಿ ಬ್ಲೋವರ್‌ನಿಂದ ಊದಬೇಕು. ಊದುವಾಗ ಫ್ಯಾನು ಹುಚ್ಚುವೇಗದಲ್ಲಿ ತಿರುಗದಂತೆ ಬೆರಳಿಟ್ಟು ಹಿಡಿಯಬೇಕು, ಇಲ್ಲದಿದ್ದರೆ ಬೇರಿಂಗ್ ಹಾಳಾಗುತ್ತದೆ. ಕೆಲಸವನ್ನು ಬಾಲ್ಕನಿಯಲ್ಲಿ, ಯುಪಿಎಸ್‌ನಿಂದ ತಂತಿ ಕಿತ್ತ ಮೇಲೆ ಮಾಡುವುದು ಒಳ್ಳೆಯದು.

ಕೂಲರ್ ಬಿಚ್ಚುವ ಸಂದರ್ಭ ಬಂದರೆ ಹಳೆಯ ಪೇಸ್ಟನ್ನು ಒರೆಸುವ ಮೊದಲು ಅದರ ಗುರುತನ್ನು ಗಮನವಿಟ್ಟು ನೋಡಿ. ಪ್ರೊಸೆಸರ್‌ನ ನಡುಭಾಗದಲ್ಲಿ ಪೇಸ್ಟು ತೆಳುವಾಗಿ, ಸಮನಾಗಿ, ಲೋಹ ತುಸು ಇಣುಕುವಂತೆ ಹರಡಿದ್ದರೆ ಒತ್ತಡ ಸರಿಯಿತ್ತು. ಒಂದು ಮೂಲೆಯಲ್ಲಿ ದಪ್ಪಗೆ, ಎದುರು ಮೂಲೆಯಲ್ಲಿ ತೆಳ್ಳಗೆ ಇದ್ದರೆ ಕೂಲರ್ ಓರೆಯಾಗಿ ಕೂತಿತ್ತು, ಹೊಸ ಪೇಸ್ಟು ಹಚ್ಚಿ ಮತ್ತೆ ಹಾಗೆಯೇ ಕೂರಿಸಿದರೆ ಏನೂ ಬದಲಾಗುವುದಿಲ್ಲ. ಇಂಟೆಲ್ ಜೊತೆಗೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಿರುತ್ತವೆ. ಅವುಗಳಲ್ಲಿ ಒಂದು ಪೂರ್ತಿ ಒಳಗೆ ಹೋಗದಿದ್ದರೂ ಆ ಮೂಲೆ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಪಿನ್ನುಗಳನ್ನು ಕರ್ಣಗಳ ಮೇಲೆ, ಎದುರುಬದುರಾಗಿ ಒತ್ತಿ, ಮದರ್‌ಬೋರ್ಡಿನ ಹಿಂಬದಿಯಿಂದ ನಾಲ್ಕೂ ಹೊರಬಂದಿವೆಯೇ ಎಂದು ನೋಡಬೇಕು. ಹೊಸ ಕೂಲರ್‌ನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆ ಕೂರಿಸಿರುವ ಯಂತ್ರಗಳೂ ಇವೆ.

ಪೇಸ್ಟುಗಳ ನಡುವೆ ಆಯ್ಕೆ ಮಾಡಲು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆರ್ಕ್ಟಿಕ್ ಎಂಎಕ್ಸ್-4, ನಾಕ್ಟುವಾ ಎನ್‌ಟಿ-ಎಚ್1 ಮೊದಲಾದ ಒಳ್ಳೆಯ ಪೇಸ್ಟುಗಳ ನಡುವಿನ ಅಂತರ ಎರಡು–ಮೂರು ಡಿಗ್ರಿಯಷ್ಟೇ. ಒಣಗಿ ಪುಡಿಯಾದ ಪೇಸ್ಟಿಗೂ ಇವುಗಳಿಗೂ ಇರುವ ಅಂತರ ಮಾತ್ರ ದೊಡ್ಡದು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಹಳೆಯದನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ನಡುವೆ ಇಟ್ಟು ಕೂಲರ್ ಒತ್ತಿದರೆ ಸಾಕು. ಪೇಸ್ಟಿನ ಬದಲು ಹಚ್ಚುವ ಲಿಕ್ವಿಡ್ ಮೆಟಲ್ (ದ್ರವ ಲೋಹ) ಬೇಡ: ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಚೆಲ್ಲಿದರೆ ವಿದ್ಯುತ್ತು ಹರಿದು ಬೋರ್ಡೇ ಹೋಗುತ್ತದೆ. ಎಎಂ4 ಸಾಕೆಟ್ಟಿನ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜೆನ್ ಇರುವವರು ಕೂಲರ್ ಅನ್ನು ನೇರವಾಗಿ ಮೇಲಕ್ಕೆ ಎಳೆಯಬಾರದು, ಪ್ರೊಸೆಸರ್ ಅದಕ್ಕಂಟಿ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನು ಬಾಗಬಹುದು. ಹತ್ತು ನಿಮಿಷ ಆಟ ಆಡಿ ಪೇಸ್ಟು ಬೆಚ್ಚಗಾದ ಮೇಲೆ ಆಫ್ ಮಾಡಿ, ಕೂಲರ್ ಅನ್ನು ಮೆಲ್ಲಗೆ ಎಡಬಲಕ್ಕೆ ತಿರುಗಿಸಿ ಬಿಡಿಸಬೇಕು.

ಗಾಳಿಯ ಹಾದಿ

ಮುಂದೆ ಗಾಜಿನ ಹಲಗೆಯಿರುವ ಕ್ಯಾಬಿನೆಟ್ಟುಗಳಲ್ಲಿ ಬಹಳಷ್ಟು ಮಾದರಿಗಳು ನೋಡಲು ಚೆಂದ, ಉಸಿರಾಟಕ್ಕೆ ಕಷ್ಟ. ಮುಂಭಾಗ ಜಾಲರಿಯದಾಗಿದ್ದು, ಮುಂದೆ ಎರಡು ಫ್ಯಾನು ಒಳಗೆ ಎಳೆಯುತ್ತ, ಹಿಂದೆ ಒಂದು ಹೊರಗೆ ತಳ್ಳುತ್ತಿದ್ದರೆ ಹೆಚ್ಚಿನ ಯಂತ್ರಗಳಿಗೆ ಸಾಕು. ಆದರೆ ನಮ್ಮ ಮನೆಗಳಲ್ಲಿ ದೊಡ್ಡ ಅಪರಾಧಿ ಕಂಪ್ಯೂಟರ್ ಟೇಬಲ್ಲೇ. ಸಿಪಿಯು ಇಡಲೆಂದು ಮಾಡಿದ, ಮೂರು ಕಡೆ ಮುಚ್ಚಿದ, ಹಿಂದೆ ಗೋಡೆಗೆ ಒರಗಿದ ಆ ಗೂಡಿನಲ್ಲಿ ಯಂತ್ರ ತಾನೇ ಬಿಟ್ಟ ಬಿಸಿಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಅದನ್ನು ಹೊರತೆಗೆದು ನೆಲದಿಂದ ಸ್ವಲ್ಪ ಎತ್ತರದಲ್ಲಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಇಡುವುದು ಹೊಸ ಫ್ಯಾನು ಕೊಳ್ಳುವುದಕ್ಕಿಂತ ಫಲಕಾರಿ. ಗ್ರಾಫಿಕ್ಸ್ ಕಾರ್ಡ್ ಸೇರಿ 400 ವಾಟ್ ಎಳೆಯುವ ಯಂತ್ರ ಬಾಗಿಲು ಮುಚ್ಚಿದ ಸಣ್ಣ ಕೋಣೆಯನ್ನು ಒಂದೆರಡು ಗಂಟೆಯಲ್ಲಿ ಗಮನಾರ್ಹವಾಗಿ ಬಿಸಿ ಮಾಡುತ್ತದೆ. ಬೆಂಗಳೂರಿನಲ್ಲಿ ಬೇಸಿಗೆಯಲ್ಲೂ ರಾತ್ರಿಯ ಹೊರಗಿನ ಗಾಳಿ ತಂಪಾಗಿರುವುದರಿಂದ ಸೊಳ್ಳೆಪರದೆ ಹಾಕಿದ ಕಿಟಕಿ ತೆರೆದಿಟ್ಟರೆ ನಾಲ್ಕೈದು ಡಿಗ್ರಿ ಪುಕ್ಕಟೆಯಾಗಿ ಸಿಗಬಹುದು.

ಟವರ್ ಕೂಲರೋ, ಲಿಕ್ವಿಡ್ ಕೂಲರೋ

ಇಷ್ಟೆಲ್ಲ ಮಾಡಿದ ಮೇಲೂ ತಾಪಮಾನ ಇಳಿಯದಿದ್ದರೆ, ಅಥವಾ ಪೆಟ್ಟಿಗೆಯ ಜೊತೆ ಬಂದ ಕೂಲರೇ ಇನ್ನೂ ಇದ್ದರೆ, ಆಗ ಕೊಳ್ಳುವ ಮಾತು. ಐ5, ರೈಜೆನ್ 5 ವರ್ಗದ ಪ್ರೊಸೆಸರ್‌ಗಳಿಗೆ 120 ಮಿ.ಮೀ. ಫ್ಯಾನಿನ ಒಂಟಿ ಟವರ್ ಸಾಕು. ಡೀಪ್‌ಕೂಲ್ ಎಕೆ400ರಂಥವು ಎರಡು–ಮೂರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ಐ7, ರೈಜೆನ್ 7ಗೆ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್ಇಯಂಥ ಜೋಡಿ ಟವರ್ ತೆಗೆದುಕೊಳ್ಳಿ. ಈ ವರ್ಗದ ಟವರ್‌ಗಳು ಗೇಮ್ ಆಡುವಾಗ ಹಲವು 240 ಮಿ.ಮೀ. ಲಿಕ್ವಿಡ್ ಕೂಲರ್‌ಗಳಿಗೆ ಸರಿಸಮಾನ, ಬೆಲೆ ಮಾತ್ರ ಬಹಳ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಟವರ್‌ನಲ್ಲಿ ಕೆಡುವ ಭಾಗ ಫ್ಯಾನು ಒಂದೇ. ಅದನ್ನು ಕೆಲವು ನೂರು ರೂಪಾಯಿಗೆ ಬದಲಿಸಿದರೆ ಕೂಲರ್ ಮತ್ತೆ ಹೊಸದು.

ಲಿಕ್ವಿಡ್ ಕೂಲರ್‌ನಲ್ಲಿ ಪಂಪು ಸವೆಯುತ್ತದೆ, ರಬ್ಬರ್ ಕೊಳವೆಯ ಮೂಲಕ ವರ್ಷಗಳಲ್ಲಿ ದ್ರವ ನಿಧಾನವಾಗಿ ಆವಿಯಾಗುತ್ತದೆ. ಐದಾರು ವರ್ಷಕ್ಕೆ ಇಡೀ ಕೂಲರ್ ಬದಲಿಸಲು ಮನಸ್ಸು ಸಿದ್ಧವಿರಬೇಕು. ಹಾಗೆಂದು ಅದನ್ನು ತಳ್ಳಿಹಾಕುವಂತಿಲ್ಲ. ಐ9-13900ಕೆಯಂಥ, 253 ವಾಟ್‌ವರೆಗೆ ಹೋಗುವ ಪ್ರೊಸೆಸರ್‌ನಲ್ಲಿ ಆಟದ ಜೊತೆಗೆ ರೆಂಡರಿಂಗ್ ಕೂಡ ಮಾಡುವವರಿಗೆ 360 ಮಿ.ಮೀ. ರೇಡಿಯೇಟರ್ (ದ್ರವವನ್ನು ತಣಿಸುವ ಫ್ಯಾನುಗಳ ಚೌಕಟ್ಟು) ಇರುವ ಲಿಕ್ವಿಡ್ ಕೂಲರೇ ಸರಿಯಾದ ಆಯ್ಕೆ. ಎತ್ತರದ ಟವರ್ ಹಿಡಿಸದ ಕ್ಯಾಬಿನೆಟ್ಟುಗಳಿಗೂ ಅದೇ ದಾರಿ. ನಡುವಿನ 240ರ ಅಗ್ಗದ ಮಾದರಿಗಳನ್ನು ನಾನು ಯಾರಿಗೂ ಹೇಳುವುದಿಲ್ಲ, ಅಷ್ಟೇ ಹಣಕ್ಕೆ ಅದಕ್ಕಿಂತ ಬಾಳುವ ಟವರ್ ಬರುತ್ತದೆ. ಲಿಕ್ವಿಡ್ ಕೂಲರ್ ಹಾಕಿಸುವವರು ಪಂಪು ಇಡೀ ವ್ಯವಸ್ಥೆಯ ಅತಿ ಎತ್ತರದ ಭಾಗವಾಗದಂತೆ ನೋಡಿಕೊಳ್ಳಬೇಕು, ಏಕೆಂದರೆ ಒಳಗಿನ ಗಾಳಿಗುಳ್ಳೆಗಳು ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತವೆ.

ಅಂಗಡಿಗೆ ಹೋಗುವ ಮೊದಲು ಮೂರು ವಿಷಯ ಬರೆದುಕೊಂಡಿರಿ: ಸಾಕೆಟ್ಟಿನ ಹೆಸರು, ಕ್ಯಾಬಿನೆಟ್ಟು ಹಿಡಿಸುವ ಕೂಲರ್‌ನ ಎತ್ತರ, ರ‍್ಯಾಮ್ ಕಡ್ಡಿಗಳ ಎತ್ತರ. ಪೀರ್‌ಲೆಸ್ ಅಸಾಸಿನ್ 155 ಮಿ.ಮೀ. ಎತ್ತರವಿದೆ, ನಾಕ್ಟುವಾ ಎನ್‌ಎಚ್-ಡಿ15 ಬರೋಬ್ಬರಿ 165. ಸಣ್ಣ ಕ್ಯಾಬಿನೆಟ್ಟಿನ ಗಾಜಿನ ಮುಚ್ಚಳ ಎರಡನೆಯದಕ್ಕೆ ಮುಚ್ಚಿಕೊಳ್ಳದೇ ಹೋಗಬಹುದು. ಸಾಕೆಟ್ಟಿಗೆ ಹೊಂದುವ ಬ್ರಾಕೆಟ್ ಪೆಟ್ಟಿಗೆಯಲ್ಲೇ ಇದೆಯೇ ಎಂದು ತೆರೆಸಿ ನೋಡಿ, ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ; ಬಿಲ್ಲಿಲ್ಲದೆ ವಾರಂಟಿ ಪಡೆಯುವುದು ಕಷ್ಟ.

ಲ್ಯಾಪ್‌ಟಾಪ್ ಇರುವವರಿಗೆ ಕೂಲರ್ ಬದಲಿಸುವ ಆಯ್ಕೆಯೇ ಇಲ್ಲ, ಹಲವು ಮಾದರಿಗಳಲ್ಲಿ ವೋಲ್ಟೇಜ್ ಇಳಿಸುವ ಅವಕಾಶಕ್ಕೂ ಬೀಗ ಬಿದ್ದಿದೆ. ಹಾಸಿಗೆಯ ಮೇಲಿಡದೆ ಟೇಬಲ್ಲಿನ ಮೇಲೆ ಹಿಂಭಾಗವನ್ನು ಒಂದು ಅಂಗುಲ ಎತ್ತಿಟ್ಟರೆ ಸಿಗುವ ಲಾಭ ಕೂಲಿಂಗ್ ಪ್ಯಾಡ್‌ನ ಲಾಭಕ್ಕೆ ಹತ್ತಿರ. ಫ್ರೇಮ್ ಮಿತಿ ಹಾಕಿ, ಧೂಳು ತೆಗೆಸಿ. ಪೇಸ್ಟು ಬದಲಿಸುವಾಗ ಸಾಧ್ಯವಾದರೆ ಹನಿವೆಲ್‌ನ ಪಿಟಿಎಂ7950 ಹಾಳೆಯನ್ನು ಹಾಕಿಸಿ. ಅದು ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಸಂದುಗಳಿಗೆ ಇಳಿಯುತ್ತದೆ, ಬಿಸಿ–ತಣ್ಣಗಿನ ಏರಿಳಿತಕ್ಕೆ ಪೇಸ್ಟಿನಂತೆ ಅಂಚುಗಳಿಗೆ ಜಾರಿ ಹೋಗುವುದಿಲ್ಲ.